ಕೊಳ ತುಂಬಿದ ಮೇಲೆ ಉಳಿಯುವ ಕೆಲಸ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ‘ಫಿನಿಷಿಂಗ್’ ಎಂಬ ಪದ ಚಿರಪರಿಚಿತ. ತಳಪಾಯ, ಪಿಲ್ಲರು, ಮೋಲ್ಡು ಎಲ್ಲವೂ ಮುಗಿದ ಮೇಲೆ ಗುತ್ತಿಗೆದಾರರು ‘ಇನ್ನೇನು ಸಾರ್, ಫಿನಿಷಿಂಗ್ ಒಂದು ಬಾಕಿ’ ಎನ್ನುತ್ತಾರೆ. ಆ ಒಂದು ಬಾಕಿ ಆರು ತಿಂಗಳು ಎಳೆಯುತ್ತದೆ. ಟೈಲ್ಸ್, ಬಣ್ಣ, ದೀಪ, ಗೇಟಿನ ವಿನ್ಯಾಸ ಹೀಗೆ ಕಣ್ಣಿಗೆ ಕಾಣುವ ಕೆಲಸಗಳೇ ಆ ಪದದ ವ್ಯಾಪ್ತಿಗೆ ಬರುತ್ತವೆ. ಮಹಡಿಯ ಮೆಟ್ಟಿಲಿಗೆ ರೇಲಿಂಗ್, ಸಂಪಿಗೆ ಭದ್ರವಾದ ಮುಚ್ಚಳ, ಸರಿಯಾದ ಅರ್ಥಿಂಗ್ ಇವೆಲ್ಲ ಗೃಹಪ್ರವೇಶದ ದಿನದವರೆಗೂ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಮೂರು ದಶಕಗಳ ಕಾಲ ಕಟ್ಟಡ ಕಾಮಗಾರಿಗಳ ಉಸ್ತುವಾರಿ ನೋಡಿ ನಿವೃತ್ತನಾದ ನನಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ ಎಂದೇ ನಾನು ನಂಬಿದ್ದೆ. ಆ ನಂಬಿಕೆ ಎಷ್ಟು ಪೊಳ್ಳು ಎಂಬುದು ಕಳೆದ ಬೇಸಿಗೆಯಲ್ಲಿ ನನ್ನ ಮನೆಯಂಗಳದಲ್ಲೇ ಬಯಲಾಯಿತು.

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದಿಷ್ಟು ಖಾಲಿ ಜಾಗ ಉಳಿದಿದೆ. ರಜೆಗೆ ಬರುವ ಮೊಮ್ಮಕ್ಕಳಿಗಾಗಿ ಅಲ್ಲೊಂದು ಈಜುಕೊಳ ಇರಿಸಬೇಕೆಂದು ಮಗ ಹಟ ಹಿಡಿದ. ನೆಲ ಅಗೆದು ಕಟ್ಟುವ ಕೊಳವಲ್ಲ. ಉಕ್ಕಿನ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ತೊಟ್ಟಿಯನ್ನು ಬಿಗಿದು ನೆಲದ ಮೇಲೆಯೇ ನಿಲ್ಲಿಸುವಂಥದ್ದು. ಹನ್ನೆರಡು ಅಡಿ ವ್ಯಾಸ, ಮೂವತ್ತು ಇಂಚು ಎತ್ತರ. ಜೊತೆಗೆ ಪುಟ್ಟ ಪಂಪು, ಶೋಧಕ ಮತ್ತು ಒಂದು ಏಣಿ. ಈಗ ಜಯನಗರ, ಜೆ.ಪಿ. ನಗರಗಳ ಸ್ವಂತ ಮನೆಗಳವರು ಇದನ್ನು ಫ್ರಿಜ್ಜು ತರಿಸಿದಷ್ಟೇ ಸುಲಭವಾಗಿ ತರಿಸಿಕೊಳ್ಳಬಹುದು. ಇಬ್ಬರು ಹುಡುಗರು ಬಂದು ಅರ್ಧ ದಿನದಲ್ಲಿ ಅದನ್ನು ನಿಲ್ಲಿಸಿದರು. ನಾನು ರಸಮಟ್ಟ ಇಟ್ಟು ನೆಲ ಸಮತಟ್ಟಾಗಿದೆಯೇ ಎಂದು ಪರೀಕ್ಷಿಸಿ, ಮರಳು ಹಾಸಿಸಿ, ನನ್ನ ಪಾಲಿನ ಎಂಜಿನಿಯರಿಕೆ ಮುಗಿಯಿತೆಂದು ಬೀಗಿದೆ. ಸಂಜೆಯ ಹೊತ್ತಿಗೆ ಕೊಳ ತುಂಬಿತು. ಮಕ್ಕಳ ಕೇಕೆಯೂ ತುಂಬಿತು.

ಆಮೇಲೆ ‘ಫಿನಿಷಿಂಗ್’ ಚರ್ಚೆ ಶುರುವಾಯಿತು. ಸುತ್ತ ಮರದ ಹಲಗೆಯ ಡೆಕ್ ಬೇಕೆಂದು ಮಗ, ಕೃತಕ ಹುಲ್ಲಿನ ಹಾಸು ಸಾಕೆಂದು ಸೊಸೆ, ದಾಸವಾಳದ ಕುಂಡಗಳನ್ನಿಟ್ಟರೆ ಮರೆಯೂ ಆಯಿತು, ಪೂಜೆಗೆ ಹೂವೂ ಆಯಿತೆಂದು ನನ್ನ ಪತ್ನಿ. ಬಣ್ಣದ ಸೀರಿಯಲ್ ಸೆಟ್ ತೂಗುಹಾಕುವ ಮಾತೂ ಬಂತು. ಅಳತೆ ತೆಗೆದುಕೊಂಡು ಹೋದ ಬಡಗಿಯವರು ದರ ತಿಳಿಸುವವರೆಗೆ ಏನೂ ಮಾಡುವುದು ಬೇಡ ಎಂದು ತೀರ್ಮಾನವಾಯಿತು.

ಮೂರನೆಯ ದಿನ ಮಧ್ಯಾಹ್ನ, ಊಟ ಮುಗಿಸಿ ಮನೆಯವರೆಲ್ಲ ಅಡ್ಡಾಗಿದ್ದ ಹೊತ್ತು. ಒಣಹಾಕಿದ ಬಟ್ಟೆ ತೆಗೆಯಲೆಂದು ಹಿತ್ತಿಲಿಗೆ ಹೋದ ನನ್ನ ಪತ್ನಿ ಕಿರುಚಿದ್ದು ಕೇಳಿ ಓಡಿದೆ. ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳ ಮೂರು ವರ್ಷದ ಕೂಸು ಏಣಿಯ ತುದಿಯ ಮೆಟ್ಟಿಲಿನ ಮೇಲೆ ನಿಂತು, ನೀರಿನ ಮೇಲೆ ತೇಲುತ್ತಿದ್ದ ಪ್ಲಾಸ್ಟಿಕ್ ಬಾತುಕೋಳಿಗೆ ಕೈ ಚಾಚಿತ್ತು. ಪತ್ನಿ ಅದರ ಫ್ರಾಕನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು. ಅಂಗನವಾಡಿಗೆ ರಜೆಯೆಂದು ಅಂದು ತಾಯಿ ಮಗುವನ್ನು ಜೊತೆಗೆ ಕರೆತಂದಿದ್ದಳು. ಆಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ಹಿತ್ತಿಲಿನ ಯಾವ ಸದ್ದೂ ಆಕೆಗೆ ಕೇಳುವಂತಿರಲಿಲ್ಲ.

ಓಡಿಬಂದ ತಾಯಿ ಮೊದಲು ಮಾಡಿದ್ದು ಮಗುವಿನ ಬೆನ್ನಿಗೆ ಒಂದೇಟು ಕೊಟ್ಟದ್ದು. ಆಮೇಲೆ ನನ್ನ ಕಡೆ ತಿರುಗಿ, ‘ತಪ್ಪಾಯ್ತು ಸಾರ್, ನಿಮ್ಮ ಸಾಮಾನು ಮುಟ್ಟಿಬಿಟ್ಳು. ಇನ್ಮೇಲೆ ಇವಳನ್ನ ಕರ್ಕೊಂಡು ಬರಲ್ಲ’ ಎಂದಳು. ತಪ್ಪು ಯಾರದು? ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಮ್ಮ ಮೊಮ್ಮಕ್ಕಳ ಬಗ್ಗೆ ನಾವು ಎಚ್ಚರ ವಹಿಸಿದ್ದೆವು. ದೊಡ್ಡವರಿಲ್ಲದೆ ನೀರಿಗಿಳಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದೆವು. ಆದರೆ ಮನೆಗೆ ಬಂದುಹೋಗುವ ಇತರ ಮಕ್ಕಳು ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ. ಕೆಲಸದವರ ಮಗು, ಪಕ್ಕದ ಕಟ್ಟಡ ಕಾಯುವವರ ಮಗು, ಇಸ್ತ್ರಿ ಬಟ್ಟೆ ತರುವವರ ಮಗು ಎಲ್ಲವೂ ನಮ್ಮ ಅಂಗಳ ದಾಟುವ ಮಕ್ಕಳೇ. ಕೊಳದ ಸುಖ ಮನೆಯವರದು. ಅದರ ಅಪಾಯ ಮಾತ್ರ ಗೇಟು ತೆರೆದು ಒಳಬರುವ ಎಲ್ಲರದು.

ಮನೆಯಂಗಳದಲ್ಲಿ ನೀರು ಇಟ್ಟುಕೊಳ್ಳುವುದು ನಮಗೆ ಹೊಸತಲ್ಲ. ಬಾವಿ ತೋಡಿದವರು ಸುತ್ತ ಕಟ್ಟೆ ಕಟ್ಟುವವರೆಗೆ ಕೆಲಸ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಬಹುಪಾಲು ಸ್ವಂತ ಮನೆಗಳಲ್ಲಿ ನೆಲದಡಿ ಸಂಪು ಇದೆ; ಅದರ ಮುಚ್ಚಳ ತೆರೆದಿದ್ದರೆ ಅಜ್ಜಿಯಂದಿರು ಅಲ್ಲಿಂದ ಕದಲುವುದಿಲ್ಲ. ನೀರಿನ ಅಂದಾಜು ನೋಡಿದರೆ ಹಿತ್ತಿಲಿನ ಈ ಕೊಳ ಮನೆಯ ಸಂಪಿಗೆ ಸಮ. ಸುಮಾರು 6,500 ಲೀಟರು. ವ್ಯತ್ಯಾಸವಿಷ್ಟೇ: ಇದು ಮುಚ್ಚಳವಿಲ್ಲದ ಸಂಪು. ಮುಚ್ಚಳವಿಲ್ಲದ್ದಷ್ಟೇ ಅಲ್ಲ, ಮಗು ಹತ್ತಲೆಂದೇ ಏಣಿ ಇಟ್ಟ ಸಂಪು. ನೆಲಮಟ್ಟದ ಕೊಳಕ್ಕಿಂತ ಎತ್ತರದ ಕೊಳ ಸುರಕ್ಷಿತ ಎಂಬ ಭಾವನೆ ಸಾಮಾನ್ಯವಾಗಿದೆ. ಏಣಿ ತೆಗೆದಿಟ್ಟಾಗ ಮಾತ್ರ ಅದರಲ್ಲಿ ಸ್ವಲ್ಪ ಸತ್ಯವಿದೆ. ಪಕ್ಕದಲ್ಲೊಂದು ಕುರ್ಚಿ, ಹೂಕುಂಡ ಅಥವಾ ಪಂಪಿನ ಪೆಟ್ಟಿಗೆ ಇದ್ದರೆ ಆ ಸತ್ಯವೂ ಸುಳ್ಳಾಗುತ್ತದೆ. ಅಂದವೆಂದು ನಾವು ಯೋಜಿಸಿದ್ದ ಡೆಕ್ ಕೂಡ ಎಳೆಯ ಮಗುವಿಗೆ ಮತ್ತೊಂದು ಮೆಟ್ಟಿಲೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಎಳೆಯ ಮಗು ಮುಳುಗುವಾಗ ಸಿನಿಮಾಗಳಲ್ಲಿರುವಂತೆ ಕೈಕಾಲು ಬಡಿದು ಕೂಗುವುದು ಅಪರೂಪ. ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಆದ್ದರಿಂದಲೇ ‘ನಾವು ನೋಡಿಕೊಳ್ಳುತ್ತಿರುತ್ತೇವೆ’ ಎಂಬುದೊಂದೇ ಸಾಕಾಗುವುದಿಲ್ಲ. ಕಣ್ಣು ರೆಪ್ಪೆ ಮುಚ್ಚುತ್ತದೆ, ಬೇಲಿ ಮುಚ್ಚುವುದಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1992ರ ಈಜುಕೊಳ ಕಾಯ್ದೆ ಇದೆ. ಮೂವತ್ತು ಸೆಂಟಿಮೀಟರಿಗಿಂತ ಹೆಚ್ಚು ಆಳ ನೀರು ಹಿಡಿಯುವ ಯಾವುದೇ ಕೊಳಕ್ಕೆ, ಅದು ಗಾಳಿ ತುಂಬಿಸುವ ಪ್ಲಾಸ್ಟಿಕ್ ಕೊಳವಾಗಿದ್ದರೂ, ಮಕ್ಕಳು ದಾಟಲಾಗದ ತಡೆ ಇರಲೇಬೇಕು. ಬೇಲಿ ಸಾಮಾನ್ಯವಾಗಿ 1.2 ಮೀಟರ್ ಎತ್ತರ. ಗೇಟು ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳುವಂತಿರಬೇಕು. ವಿದೇಶದ ಮಾತೇಕೆ ಎನ್ನುವವರು ನಮ್ಮದೇ ಹಳ್ಳಿಗಳತ್ತ ನೋಡಬಹುದು. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಘಟಕಗಳಲ್ಲಿ ಕೃಷಿ ಹೊಂಡದ ಸುತ್ತಲಿನ ತಂತಿಬೇಲಿಯೂ ಸೇರಿಕೊಂಡಿದೆ. ಹೊಂಡ ತೋಡಿ, ಹಾಳೆ ಹೊದಿಸಿದರೆ ಸಾಲದು, ಬೇಲಿಯೂ ಬೇಕು ಎಂಬ ವಿವೇಕ ರೈತನ ಹೊಲದಲ್ಲಿ ಸಲ್ಲುವುದಾದರೆ ಪದವೀಧರರ ಹಿತ್ತಿಲಿನಲ್ಲಿ ಏಕೆ ಸಲ್ಲಬಾರದು?

ಎರಡನೆಯದು ವಿದ್ಯುತ್ತು. ಪಂಪಿಗಾಗಿ ಅಡುಗೆಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಎಳೆಯುವುದು, ಅದರ ಜೋಡಣೆಗೆ ಟೇಪು ಸುತ್ತುವುದು ನಮ್ಮಲ್ಲಿ ಮಾಮೂಲು. ಒದ್ದೆ ಮೈಯ ಮಕ್ಕಳು ಓಡಾಡುವ ಜಾಗದಲ್ಲಿ ಇದಕ್ಕಿಂತ ದೊಡ್ಡ ಅವಿವೇಕವಿಲ್ಲ. 2023ರ ಡಿಸೆಂಬರಿನಲ್ಲಿ ವರ್ತೂರು ಸಮೀಪದ ವಸತಿ ಸಮುಚ್ಚಯವೊಂದರ ಈಜುಕೊಳದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ಮೃತಪಟ್ಟಾಗ ವಿದ್ಯುತ್ ಆಘಾತದ ಶಂಕೆ ವ್ಯಕ್ತವಾಗಿ ಇಡೀ ನಗರ ಬೆಚ್ಚಿಬಿದ್ದಿತ್ತು. 2024ರ ಫೆಬ್ರವರಿಯಲ್ಲಿ ಪೊಲೀಸರು ಹಲವರನ್ನು ಬಂಧಿಸಿದರು. ದೊಡ್ಡ ಸಮುಚ್ಚಯದ ಕೊಳಕ್ಕೆ ನಿರ್ವಾಹಕರಿದ್ದಾರೆ, ಸಂಘವಿದೆ, ಕೇಳುವವರಿದ್ದಾರೆ. ಮನೆಯ ಕೊಳಕ್ಕೆ ನಿರ್ವಾಹಕನೂ ನಾನೇ, ಸಂಘವೂ ನಾನೇ. ಮೂವತ್ತು ಮಿಲಿ ಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಕ್ಷಣದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ, ಪರೀಕ್ಷಿಸಿದ ಅರ್ಥಿಂಗ್, ನೀರಿನಿಂದ ದೂರದಲ್ಲಿ ಮಳೆ ತಾಗದ ಸಾಕೆಟ್ ಇವು ಆಡಂಬರದ ಖರ್ಚಲ್ಲ. ಮಕ್ಕಳು ನೀರಿನಲ್ಲಿರುವಾಗ ಪಂಪಿನ ಪ್ಲಗ್ಗನ್ನು ಕಿತ್ತಿಡುವುದಕ್ಕಂತೂ ಒಂದು ರೂಪಾಯಿಯ ಖರ್ಚೂ ಇಲ್ಲ. ಬಣ್ಣದ ಸೀರಿಯಲ್ ಸೆಟ್ಟು ಗಣೇಶನ ಮಂಟಪಕ್ಕೇ ಇರಲಿ.

ಮೂರನೆಯದು ತೂಕ. ಮೂವತ್ತು-ನಲವತ್ತರ ನಿವೇಶನದಲ್ಲಿ ಹಿತ್ತಿಲೆಲ್ಲಿಯದು? ಆದ್ದರಿಂದ ಬಿಟಿಎಂ ಬಡಾವಣೆಯಂತಹ ಕಡೆ ಇಂಥ ಕೊಳ ಇಡುವ ಯೋಚನೆ ಬಂದರೆ ಕಣ್ಣು ಹೋಗುವುದು ತಾರಸಿಯ ಕಡೆಗೆ. ನನ್ನ ಮಗನದೂ ಮೊದಲು ಅದೇ ಯೋಚನೆಯಾಗಿತ್ತು. ಲೆಕ್ಕ ಬಹಳ ಸರಳ: ಒಂದು ಸೆಂಟಿಮೀಟರ್ ಎತ್ತರದ ನೀರು ಪ್ರತಿ ಚದರ ಮೀಟರಿಗೆ ಹತ್ತು ಕಿಲೋ ಭಾರ ಹೇರುತ್ತದೆ. ನಮ್ಮ ಕೊಳದಲ್ಲಿರುವುದು ಅರವತ್ತು ಸೆಂಟಿಮೀಟರಿಗೂ ಮೇಲ್ಪಟ್ಟ ನೀರು. ಅಂದರೆ ಚದರ ಮೀಟರಿಗೆ 600 ಕಿಲೋ ದಾಟಿತು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸೂಚಿಸುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ವಿನ್ಯಾಸದ ನಾಲ್ಕು ಪಟ್ಟು ಭಾರವನ್ನು ಮಲಗುವ ಕೋಣೆಯ ನೆತ್ತಿಯ ಮೇಲಿಟ್ಟು ಅದರ ಸುತ್ತ ಹುಲ್ಲುಹಾಸು ಹಾಕಿದರೆ ಅದನ್ನು ಫಿನಿಷಿಂಗ್ ಎನ್ನಬಹುದೇ? ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ತಾರಸಿಯ ಮೇಲೆ ಇಂಥ ಕೊಳ ಇಡಲೇಬಾರದು. ‘ಪಕ್ಕದ ಮನೆಯವರು ಇಟ್ಟಿದ್ದಾರೆ, ಏನೂ ಆಗಿಲ್ಲ’ ಎಂಬುದು ಲೆಕ್ಕವಲ್ಲ, ಅದೃಷ್ಟ.

ನಾಲ್ಕನೆಯದು ನೀರು ಬರುವ ಮತ್ತು ಹೋಗುವ ದಾರಿ. ಇಲ್ಲಿ ನಾನು ತಲೆ ತಗ್ಗಿಸಿಯೇ ಮಾತನಾಡಬೇಕು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲೇರಿ ನಮ್ಮ ನಲ್ಲಿಗೆ ಬರುತ್ತದೆ. 2024ರ ಮಾರ್ಚಿಯಲ್ಲಿ ನಗರ ಬಾಯಾರಿ ನಿಂತಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಿಜ. ಆದರೆ ಕೊಳವೆ ದೊಡ್ಡದಾದ ಮಾತ್ರಕ್ಕೆ ನದಿ ದೊಡ್ಡದಾಗುವುದಿಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಪ್ರಚಲಿತ ಮಾನದಂಡ ಹಿಡಿದರೆ, ನಮ್ಮ ಕೊಳದ ನೀರು ನಾಲ್ಕು ಜನರ ಸಂಸಾರಕ್ಕೆ ಹನ್ನೆರಡು ದಿನ ಸಾಕು. ನಾವು ಟ್ಯಾಂಕರಿನಿಂದ ತುಂಬಿಸಿದೆವು. ನಲ್ಲಿಯ ನೀರಲ್ಲವೆಂಬ ಸಮಾಧಾನ ಹೇಳಿಕೊಂಡರೂ, ಅದೂ ಯಾವುದೋ ಕೊಳವೆಬಾವಿಯ ನೀರೇ ಅಲ್ಲವೇ?

ಮಳೆಯನ್ನು ನಂಬಿದ್ದರೆ ದಾರಿ ಇತ್ತು. ಸಾವಿರದ ಇನ್ನೂರು ಚದರಡಿಯ ತಾರಸಿಯ ಮೇಲೆ ಎಪ್ಪತ್ತೈದು ಮಿಲಿಮೀಟರ್ ಮಳೆ ಬಿದ್ದರೆ, ಸೋರಿ ಹೋದದ್ದನ್ನು ಕಳೆದೂ ಈ ಕೊಳ ತುಂಬುವಷ್ಟು ನೀರು ಸಿಗುತ್ತದೆ. ಏಪ್ರಿಲ್-ಮೇ ತಿಂಗಳ ಎರಡು ಮೂರು ಜೋರು ಮಳೆ ಸಾಕು. 2009ರಿಂದ ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಅದನ್ನು ಅಳವಡಿಸುವುದು ಹೇಗೆಂದು ತೋರಿಸಿಕೊಡಲು ಜಯನಗರದ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನವನ್ನೇ ಜಲಮಂಡಳಿ ನಿರ್ಮಿಸಿದೆ. ನಮ್ಮ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಅಷ್ಟೇನೂ ದೂರವಿಲ್ಲ. ಕೊಳ ತರಿಸುವ ಮೊದಲು ನಾವು ಅಲ್ಲಿಗೆ ಹೋಗಲಿಲ್ಲ.

ನೀರು ಖಾಲಿ ಮಾಡುವುದನ್ನಂತೂ ಯಾರೂ ಯೋಚಿಸುವುದಿಲ್ಲ. ರಜೆ ಮುಗಿದ ದಿನ ಕ್ಲೋರಿನ್ ಬೆರೆತ ಸಾವಿರಾರು ಲೀಟರ್ ನೀರನ್ನು ರಸ್ತೆಗೆ ಬಿಟ್ಟರೆ ಅದು ಮಳೆನೀರಿನ ಚರಂಡಿ ಸೇರಿ ರಾಜಕಾಲುವೆ, ಕೆರೆಗಳತ್ತ ಹರಿಯುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಶ್ರಮವಹಿಸಿ ಉಳಿಸಿಕೊಂಡ ನಗರವಿದು. ನಾವು ಬಿಡುವ ಪ್ರತಿ ಬಕೆಟ್ಟಿಗೂ ಕೊನೆಯಲ್ಲೊಂದು ವಿಳಾಸವಿದೆ ಎಂಬುದನ್ನು ಮರೆಯಬಾರದು. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟ ನೀರನ್ನು ಗಿಡಗಳಿಗೆ, ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ಹಾಗೆಂದು ಹೊದಿಕೆಯಿಲ್ಲದೆ ವಾರಗಟ್ಟಲೆ ನಿಲ್ಲಿಸುವಂತೆಯೂ ಇಲ್ಲ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ನಮ್ಮ ಕೊಳದ ಸೊಳ್ಳೆ ನಮ್ಮ ಮನೆಯವರನ್ನಷ್ಟೇ ಕಚ್ಚುವುದಿಲ್ಲ.

ಇಷ್ಟೆಲ್ಲ ತಲೆನೋವಿದ್ದ ಮೇಲೆ ಮನೆಗೆ ಕೊಳವೇ ಬೇಡ ಎನ್ನುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ನೀರಿಗೆ ಸರದಿ ನಿಲ್ಲುವವರು ಇರುವ ಊರಿನಲ್ಲಿ ಹಿತ್ತಿಲ ಕೊಳ ಒಂದು ಬಗೆಯ ದರ್ಪವಾಗಿಯೂ ಕಾಣಬಹುದು. ಮಕ್ಕಳಿಗೆ ಈಜು ಕಲಿಸುವುದೇ ಉದ್ದೇಶವಾದರೆ ತರಬೇತುದಾರರೂ ಕಾವಲಿನವರೂ ಇರುವ ಸಾರ್ವಜನಿಕ ಈಜುಕೊಳ ಹೆಚ್ಚು ಸೂಕ್ತ. ಅಲ್ಲಿ ಒಂದೇ ನೀರನ್ನು ನೂರಾರು ಮಕ್ಕಳು ಹಂಚಿಕೊಳ್ಳುತ್ತಾರೆ. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸುವುದು ಮುಳುಗುವಿಕೆ ತಡೆಯುವ ಮಾರ್ಗಗಳಲ್ಲಿ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಬೇಡವೆಂದ ಮಾತ್ರಕ್ಕೆ ಈ ಕೊಳಗಳು ಮಾಯವಾಗುವುದಿಲ್ಲ. ನೆತ್ತಿ ಸುಡುವ ಬೇಸಿಗೆ, ಮನೆಯಲ್ಲೇ ಕೂತ ಮಕ್ಕಳು, ಕೈಯಲ್ಲಿ ಒಂದಿಷ್ಟು ಹಣ ಇರುವವರೆಗೆ ಇವು ಬರುತ್ತಲೇ ಇರುತ್ತವೆ. ಬಂದ ಮೇಲೆ ಅವುಗಳ ಹೊಣೆ ಯಾರದೆಂಬುದು ನಿಶ್ಚಯವಾಗಬೇಕು.

ಮಾರುವವರು ಪೆಟ್ಟಿಗೆಯೊಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಎಚ್ಚರಿಕೆ ಮುದ್ರಿಸಿದರೆ ಹೊಣೆ ತೀರದು. ಅದನ್ನು ಓದಬೇಕಾದವರಲ್ಲಿ ಕೊಳ ಸ್ವಚ್ಛಗೊಳಿಸುವ ಕೆಲಸದವರೂ ಸೇರಿದ್ದಾರೆ. ಕನ್ನಡದಲ್ಲಿ, ಚಿತ್ರಸಹಿತ, ಕೊಳದ ಗೋಡೆಯ ಮೇಲೆಯೇ ಅದು ಇರಬೇಕು. ಬೇಲಿ ಮತ್ತು ಹೊದಿಕೆಗಳು ಬೇಕಾದವರು ಕೊಳ್ಳುವ ಹೆಚ್ಚುವರಿ ಸಾಮಾನಾಗದೆ ಕೊಳದ ಭಾಗವೇ ಆಗಬೇಕು. ಜೋಡಿಸಲು ಬಂದವರು ಏಣಿ ತೆಗೆದಿಡುವುದನ್ನು, ವಿದ್ಯುತ್ ಸಂಪರ್ಕವನ್ನು ಮನೆಯವರಿಗೆ ತೋರಿಸಿಕೊಟ್ಟೇ ಹೋಗಬೇಕು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಪಾಲಿಕೆಗಳು ಒಂದು ಸಾಲಿನ ನಿಯಮವನ್ನಾದರೂ ಮಾಡಲಿ: ಮೊಣಕಾಲೆತ್ತರಕ್ಕೆ ನೀರು ನಿಲ್ಲಿಸುವ ಯಾವ ಕೊಳಕ್ಕೂ ತಡೆಬೇಲಿ ಕಡ್ಡಾಯ. ಪರವಾನಗಿ, ಶುಲ್ಕ, ಕಚೇರಿ ಅಲೆದಾಟ ಯಾವುದೂ ಬೇಡ. ನಿಯಮವಿದೆ ಎಂಬ ಅರಿವೇ ಅರ್ಧ ಕೆಲಸ ಮಾಡುತ್ತದೆ.

ಉಳಿದರ್ಧ ನಮ್ಮದು. ಆ ಮಧ್ಯಾಹ್ನ ಏಣಿಯನ್ನು ತೆಗೆದು ಕೋಣೆಯೊಳಗಿಟ್ಟು ಬೀಗ ಹಾಕಿದೆವು. ಡೆಕ್ ಬೇಡವೆಂದು ಬಡಗಿಯವರಿಗೆ ತಿಳಿಸಿ, ನಾಲ್ಕಡಿ ಎತ್ತರದ ಜಾಲರಿ ಬೇಲಿ ಹಾಕಿಸಿದೆವು. ಡೆಕ್ಕಿಗೆ ಹೇಳಿದ್ದ ದರದ ಐದರಲ್ಲೊಂದು ಭಾಗವೂ ಅದಕ್ಕೆ ತಗಲಲಿಲ್ಲ. ನೋಡಲು ಅಂದವೇನಿಲ್ಲ, ಕೋಳಿಗೂಡಿನಂತಿದೆ ಎಂದು ಮೊಮ್ಮಗಳು ನಕ್ಕಳು. ಕೆಲಸದಾಕೆಗೆ ನಾನು, ‘ತಪ್ಪು ನಿನ್ನ ಮಗುವಿನದಲ್ಲಮ್ಮ, ನಮ್ಮದು. ಅವಳನ್ನು ಕರೆದುಕೊಂಡು ಬಾ’ ಎಂದೆ. ಮಾಲೀಕರ ಮನೆಯಲ್ಲಿ ಇಂಥ ಮಾತು ಕೇಳಿ ರೂಢಿಯಿಲ್ಲದ ಆಕೆ ಏನೂ ಹೇಳದೆ ತಲೆಯಾಡಿಸಿದಳು. ಎರಡು ವಾರ ಮಗುವನ್ನು ಕರೆತರಲಿಲ್ಲ.

ನಂತರ ಒಂದು ದಿನ ಕರೆತಂದಳು. ಮಗು ನೇರ ಹಿತ್ತಿಲಿಗೆ ಓಡಿ ಬೇಲಿಯ ಗೇಟನ್ನು ಎಳೆದು ನೋಡಿತು, ಚಿಲಕಕ್ಕೆ ಕೈ ಚಾಚಿತು. ಅದು ಅದರ ಕೈಗೆ ಒಂದೂವರೆ ಅಡಿ ಎತ್ತರದಲ್ಲಿತ್ತು. ಸಿಟ್ಟಿನಿಂದ ಗೇಟನ್ನು ಒಮ್ಮೆ ಒದ್ದು ಅಡುಗೆಮನೆಗೆ, ತಾಯಿಯ ಬಳಿಗೆ ಓಡಿತು. ಅಂದು ನಾನು ಮನಸ್ಸಿನಲ್ಲೇ ಕಾಮಗಾರಿ ಮುಕ್ತಾಯದ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ.